ವಿನಯವು ಕ್ಷೀಣಿಸಿತೆ? ಮಸ್ಕಿ ಸೀಮೆಯಿಂದ ಒಂದು ಅವಲೋಕನ

ಹಿಂದಿನವರಲ್ಲಿದ್ದ ನಯವಿನಯಗಳು ಈಗಿನವರಲ್ಲಿ ಇಲ್ಲ ಎಂಬ ಮಾತು ಇಂದು ಯಾವ ಶ್ರಾವಕರ ಮನೆಗೆ ಹೋದರೂ ಕೇಳಿಬರುತ್ತದೆ. ಹಿರಿಯರು ಒಳಗೆ ಬಂದರೆ ಕಿರಿಯರು ಏಳುವುದಿಲ್ಲ. ಅತಿಥಿಗೆ ನೀರು ಕೊಡುವ ಮೊದಲೇ ಬಂದ ಕೆಲಸವೇನೆಂದು ಕೇಳುತ್ತಾರೆ. ಬಸದಿಯ ಆವರಣದಲ್ಲಿ ಪೂಜೆ ನಡೆಯುತ್ತಿರುವಾಗ ದೂರವಾಣಿಯಲ್ಲಿ ಗಟ್ಟಿಯಾಗಿ ಮಾತನಾಡುತ್ತಾರೆ. ಇವೆಲ್ಲವೂ ನಿಜವೇ. ಆದರೆ ಈ ದೂರನ್ನು ಸಾರಾಸಗಟಾಗಿ ಒಪ್ಪುವ ಮೊದಲು ಇದು ಎಷ್ಟು ಹಳೆಯ ದೂರು ಎಂಬುದನ್ನು ವಿಚಾರಿಸುವುದು ಒಳ್ಳೆಯದು. ಅದಕ್ಕಾಗಿ ನಾವು ಬಹಳ ದೂರ ಹೋಗಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಸೀಮೆಗೆ ಬಂದರೆ ಸಾಕು.

ವಳಕಮದಿನ್ನಿ ಈ ಸೀಮೆಯ ಒಂದು ಹಳ್ಳಿ. ದಿನ್ನಿ ಎಂದರೆ ಎತ್ತರದ ನೆಲ, ದಿಬ್ಬ. ಹೆಸರಿನ ಕೊನೆಯಲ್ಲಿ ದಿನ್ನಿ ಎಂದಿರುವ ಊರುಗಳು ರಾಯಚೂರಿನ ಕಡೆಗೆ ಅನೇಕವಾಗಿವೆ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನ ಕಪ್ಪು ನೆಲದಲ್ಲಿ ದಿಬ್ಬಕ್ಕೆ ಊರಿನ ಹೆಸರಾಗುವಷ್ಟು ಬೆಲೆಯುಂಟು. ಇಂತಹ ಹಳ್ಳಿಗಳ ಜನರಿಗೆ ಪೇಟೆಯಾಗಿರುವ ಮಸ್ಕಿಯ ಬಂಡೆಯೊಂದರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಸಿ. ಬೀಡನ್ ಎಂಬವರು 1915ರಲ್ಲಿ ಪುರಾತನ ಬರಹವನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಹೈದರಾಬಾದು ಪುರಾತತ್ತ್ವ ಮಾಲೆಯಲ್ಲಿ ಅದನ್ನು ಪ್ರಕಟಿಸಿದರು. ಅದು ಮೌರ್ಯ ಚಕ್ರವರ್ತಿ ಅಶೋಕನ ಶಾಸನ. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು; ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ದೊರೆಯಿತು. ಈ ಕಾರಣದಿಂದ ಮಸ್ಕಿಯ ಹೆಸರು ಶಾಲಾ ಪಾಠಪುಸ್ತಕಗಳಿಗೆ ಬಂದಿತು. ಚಿನ್ನದ ನೆಲೆಯನ್ನು ಬಲ್ಲವರ ಕಣ್ಣಿಗೆ ಈ ಶಾಸನ ಬಿದ್ದುದು ಒಂದು ಸೋಜಿಗ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನವನ್ನು ತೆಗೆಯುತ್ತಿದ್ದಾರೆ.

ಮಸ್ಕಿ ಶಾಸನದಲ್ಲಿ ಅರಸನು ತಾನು ಉಪಾಸಕನಾಗಿ ಎರಡೂವರೆ ವರ್ಷಗಳಾದುವೆಂದೂ, ಧರ್ಮದಲ್ಲಿ ಉತ್ಸಾಹದಿಂದ ತೊಡಗಿದರೆ ಸಾಮಾನ್ಯನೂ ಶ್ರೇಯಸ್ಸನ್ನು ಪಡೆಯಬಲ್ಲನೆಂದೂ, ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದೆಂದೂ, ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕೆಂದೂ ಹೇಳಿಸಿದ್ದಾನೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದ ಶಾಸನಗಳಲ್ಲಿ ಇದರ ಮುಂದಿನ ಭಾಗವೂ ಉಂಟು. ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯನ್ನು ದೃಢಗೊಳಿಸಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳೊಡನೆ ಯೋಗ್ಯವಾಗಿ ನಡೆದುಕೊಳ್ಳಬೇಕು ಎಂಬುದು ಅದರ ಸಾರ. ಇವುಗಳನ್ನು ಹೇಳಿ ಆ ಶಾಸನವು ಇದು ಪುರಾತನ ರೀತಿ ಎನ್ನುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಚಕ್ರವರ್ತಿಗೇ ಒಳ್ಳೆಯ ನಡತೆಯು ಹಳೆಯ ಕಾಲದ ವಸ್ತುವಾಗಿ ತೋರುತ್ತಿತ್ತು ಎಂದಾಯಿತು.

ಇದಕ್ಕಿಂತ ಸ್ಪಷ್ಟವಾದ ಮಾತು ಅವನ ನಾಲ್ಕನೆಯ ಬಂಡೆಗಲ್ಲು ಶಾಸನದಲ್ಲಿದೆ. ಪಟ್ಟಾಭಿಷೇಕವಾಗಿ 12 ವರ್ಷಗಳಾದಾಗ ಬರೆಯಿಸಿದ ಆ ಶಾಸನವು, ಹಿಂದೆ ಅನೇಕ ನೂರು ವರ್ಷಗಳಿಂದ ಪ್ರಾಣಿವಧೆಯೂ, ಬಂಧುಗಳೊಡನೆ ಅನುಚಿತ ವರ್ತನೆಯೂ, ಶ್ರಮಣ ಬ್ರಾಹ್ಮಣರ ವಿಷಯದಲ್ಲಿ ಅನಾದರವೂ ಹೆಚ್ಚುತ್ತಲೇ ಬಂದಿದ್ದವೆಂದು ತಿಳಿಸುತ್ತದೆ. ನಮ್ಮ ದೇಶದಲ್ಲಿ ಓದಲು ದೊರೆತಿರುವ ಅತ್ಯಂತ ಹಳೆಯ ಶಾಸನಗಳಲ್ಲಿಯೇ ಸೌಜನ್ಯ ಕೆಟ್ಟಿತು ಎಂಬ ದೂರು ಇದೆ. ತನ್ನ ಧರ್ಮೋಪದೇಶದಿಂದ ಈಗ ಎಲ್ಲವೂ ಸುಧಾರಿಸಿತೆಂದು ಅರಸನು ಮುಂದೆ ಹೇಳಿಕೊಂಡಿದ್ದಾನೆ. ಅರಸರು ಹಾಗೆ ಹೇಳುವುದು ವಾಡಿಕೆ. ಅದನ್ನು ನಾವು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಹಾಗಾದರೆ ಈ ದೂರು ಎಂದಿಗೂ ಇದ್ದದ್ದೇ, ಚಿಂತಿಸುವ ಅಗತ್ಯವಿಲ್ಲ ಎನ್ನೋಣವೆ? ಅದೂ ಸರಿಯಲ್ಲ. ಯಾವುದು ಕ್ಷೀಣಿಸಿತು, ಯಾವುದು ಕ್ಷೀಣಿಸಿದ್ದು ಲೇಸಾಯಿತು ಎಂಬ ವಿಂಗಡಣೆಯನ್ನು ಮಾಡದೆ ದೂರುವುದೂ ಸಲ್ಲದು, ಸುಮ್ಮನಿರುವುದೂ ಸಲ್ಲದು. ಈ ವಿಂಗಡಣೆಗೆ ಬೇಕಾದ ಅಳತೆಗೋಲನ್ನು ನಮ್ಮ ಆಚಾರ್ಯರು ಬಹು ಹಿಂದೆಯೇ ಸಿದ್ಧಪಡಿಸಿಟ್ಟಿದ್ದಾರೆ.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ವಿನಯವನ್ನು ಅಭ್ಯಂತರ ತಪಸ್ಸುಗಳಲ್ಲಿ ಸೇರಿಸಿದ್ದಾರೆ. ಜ್ಞಾನ, ದರ್ಶನ, ಚಾರಿತ್ರ, ಉಪಚಾರ ಎಂದು ಅದಕ್ಕೆ ನಾಲ್ಕು ಬಗೆ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ವಿನಯಸಂಪನ್ನತೆಯೂ ಒಂದೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ವಟ್ಟಕೇರಾಚಾರ್ಯರ ಮೂಲಾಚಾರವು ಷಡಾವಶ್ಯಕಗಳನ್ನು ವಿವರಿಸುವಾಗ ಇನ್ನೊಂದು ವಿಭಾಗವನ್ನು ಮಾಡುತ್ತದೆ. ಇದನ್ನು ಉಪನ್ಯಾಸಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ. ಅದರಂತೆ ವಿನಯವು ಐದು ತೆರನಾದುದು: ಲೋಕಾನುವೃತ್ತಿ ವಿನಯ, ಅರ್ಥನಿಮಿತ್ತ ವಿನಯ, ಕಾಮತಂತ್ರ ವಿನಯ, ಭಯ ವಿನಯ ಮತ್ತು ಮೋಕ್ಷ ವಿನಯ. ಬಂದವರನ್ನು ಕಂಡು ಏಳುವುದು, ಕೈಮುಗಿಯುವುದು, ಆಸನವನ್ನು ಕೊಡುವುದು, ಅತಿಥಿಯನ್ನು ಸತ್ಕರಿಸುವುದು, ಎದುರಿನವರ ಮಾತಿಗೂ ಇಷ್ಟಕ್ಕೂ ಹೊಂದಿಕೊಂಡು ನಡೆಯುವುದು ಲೋಕಾನುವೃತ್ತಿ. ಇದೇ ಕ್ರಿಯೆಗಳನ್ನು ಹಣಕ್ಕಾಗಿ ಮಾಡಿದರೆ ಅರ್ಥನಿಮಿತ್ತ; ಅಂಜಿಕೆಯಿಂದ ಮಾಡಿದರೆ ಭಯ ವಿನಯ. ಕೈ ಮುಗಿಯುವ ಬಗೆ ಒಂದೇ. ಮುಗಿಸಿದ ಕಾರಣ ಬೇರೆ ಬೇರೆ. ಹೊರಗಿನಿಂದ ನೋಡುವವರಿಗೆ ಇವುಗಳ ಭೇದವೇ ಕಾಣುವುದಿಲ್ಲ.

ಈ ಅಳತೆಗೋಲನ್ನು ಹಿಡಿದು ವಳಕಮದಿನ್ನಿಯಂತಹ ಹಳ್ಳಿಯ ಹಿಂದಿನ ದಿನಗಳನ್ನು ನೋಡೋಣ. 1948ರ ಸೆಪ್ಟೆಂಬರ್ ವರೆಗೆ ಈ ಸೀಮೆಯು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. 1956ರಲ್ಲಿ ಕನ್ನಡ ರಾಜ್ಯಕ್ಕೆ ಸೇರಿತು. ಉರ್ದು ದರಬಾರಿನ ಮರ್ಯಾದೆಯ ಮಾತುಗಳು ಇಲ್ಲಿಯ ಕನ್ನಡದಲ್ಲಿ ಬೆರೆತವು; ಇಂದಿಗೂ ಈ ಕಡೆಯ ಜನರು ತಪ್ಪಾದರೆ ‘ಮಾಫ್ ಮಾಡ್ರಿ’ ಎನ್ನುವರು. ಮಾತಿನ ಕೊನೆಗೆ ‘ರೀ’ ಹಚ್ಚದೆ ಹಿರಿಯರೊಡನೆ ನುಡಿಯುವಂತಿಲ್ಲ. ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನ್ರಿ’ ಎನ್ನಬೇಕು. ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು, ಅನಂತರ ಮಾತು. ನಂಟಸ್ತಿಕೆ ಇಲ್ಲದವರಿಗೂ ಕಾಕಾ, ಮಾವ, ಅಕ್ಕ, ಯಕ್ಕ, ಯವ್ವ ಎಂಬ ಸಂಬೋಧನೆ. ಇವು ಲೋಕಾನುವೃತ್ತಿಯ ಉತ್ತಮ ಮಾದರಿಗಳು. ಇವುಗಳಲ್ಲಿ ಯಾವುದನ್ನು ಕಳೆದುಕೊಂಡರೂ ನಷ್ಟವೇ.

ಆದರೆ ಅದೇ ಹಳ್ಳಿಯಲ್ಲಿ ಅದೇ ಕಾಲದಲ್ಲಿ ಬಿಟ್ಟಿ ದುಡಿಮೆಯೂ ಇತ್ತು. ಅಧಿಕಾರಿ ಬಂದರೆ ಗಾಡಿ ಕಟ್ಟಬೇಕು, ಹೊರೆ ಹೊರಬೇಕು, ಕೂಲಿ ಕೇಳುವಂತಿಲ್ಲ. ದೇಸಾಯರ, ಗೌಡರ ವಾಡೆಯ ಮುಂದೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ದಾಟಬೇಕಾದವರಿದ್ದರು. ಅರವತ್ತು ವರ್ಷದ ಹೊಲೆಯ ಮಾದಿಗರ ಹಿರಿಯನನ್ನು ಮೇಲಿನ ಕುಲದ ಹತ್ತು ವರ್ಷದ ಹುಡುಗನು ಏಕವಚನದಿಂದ ಕರೆಯುತ್ತಿದ್ದನು. ಆ ಹಿರಿಯನು ಹುಡುಗನಿಗೆ ಬಹುವಚನದಿಂದ ಉತ್ತರಿಸುತ್ತಿದ್ದನು. ಆಗಿನವರಿಗೆ ಇದು ಅಸಭ್ಯವೆಂದು ತೋರಲೇ ಇಲ್ಲ, ಇದನ್ನೇ ಮರ್ಯಾದೆ ಎನ್ನುತ್ತಿದ್ದರು. ಹಿಂದಿನ ಕಾಲದ ವಿನಯವನ್ನು ನೆನೆದು ನಿಟ್ಟುಸಿರು ಬಿಡುವ ನಮ್ಮ ಹಿರಿಯರಲ್ಲಿ ಅನೇಕರು ಬಹುವಚನವನ್ನು ಪಡೆಯುತ್ತಿದ್ದ ಮನೆಗಳವರು ಎಂಬುದನ್ನು ಮರೆಯಬಾರದು. ಏಕವಚನವನ್ನು ಪಡೆಯುತ್ತಿದ್ದ ಮನೆಗಳವರು ಅಂತಹ ನಿಟ್ಟುಸಿರನ್ನು ಬಿಟ್ಟುದನ್ನು ನಾನು ಕೇಳಿಲ್ಲ. ಮೂಲಾಚಾರದ ಮಾತಿನಲ್ಲಿ ಹೇಳುವುದಾದರೆ ಅದು ಭಯ ವಿನಯ. ಅದು ಅಳಿದುದಕ್ಕೆ ಶ್ರಾವಕನು ವ್ಯಥೆಪಡಬೇಕಾದ ಕಾರಣವಿಲ್ಲ. ಕುಲಮದ, ಜಾತಿಮದಗಳನ್ನು ಎಂಟು ಮದಗಳಲ್ಲಿ ಎಣಿಸಿ ಸಮ್ಯಗ್ದರ್ಶನಕ್ಕೆ ಕಳಂಕವೆಂದು ರತ್ನಕರಂಡಕದಲ್ಲಿ ಸಮಂತಭದ್ರಾಚಾರ್ಯರು ತಿಳಿಸಿದ್ದಾರಷ್ಟೆ. ದಾಸರೊಡನೆಯೂ ಭೃತ್ಯರೊಡನೆಯೂ ಸಮ್ಯಕ್ಕಾಗಿ ನಡೆದುಕೊಳ್ಳುವುದು ಧರ್ಮವೆಂದು ಅಶೋಕನ ಶಾಸನಗಳೂ ಮತ್ತೆ ಮತ್ತೆ ಹೇಳುತ್ತವೆ.

ಜೈನ ಕಥಾಸಾಹಿತ್ಯದಲ್ಲಿ ಶ್ರೇಣಿಕ ಮಹಾರಾಜನ ಪ್ರಸಂಗವೊಂದಿದೆ. ಅರಮನೆಯ ತೋಟದ ಮಾವಿನ ಹಣ್ಣುಗಳನ್ನು ಕದ್ದ ಚಾಂಡಾಲನೊಬ್ಬನನ್ನು ಅಭಯಕುಮಾರನು ಹಿಡಿದು ತರುತ್ತಾನೆ. ಕೊಂಬೆಗಳನ್ನು ಬಗ್ಗಿಸುವ ವಿದ್ಯೆ ಅವನಿಗೆ ಗೊತ್ತು. ಅದನ್ನು ತನಗೆ ಕಲಿಸಬೇಕೆಂದು ಶ್ರೇಣಿಕನು ಅಪ್ಪಣೆ ಮಾಡುತ್ತಾನೆ. ಅರಸನು ಸಿಂಹಾಸನದ ಮೇಲೆ, ಕಲಿಸುವವನು ಕೆಳಗೆ. ಎಷ್ಟು ಸಲ ಹೇಳಿಕೊಟ್ಟರೂ ವಿದ್ಯೆ ಹತ್ತುವುದಿಲ್ಲ. ಗುರುವು ಕೆಳಗೆ ಕುಳಿತಿರುವಾಗ ವಿದ್ಯೆ ಹೇಗೆ ಬಂದೀತು ಎಂದು ಅಭಯಕುಮಾರನು ತಿಳಿಹೇಳಿದ ಮೇಲೆ ಅರಸನು ಕೆಳಗಿಳಿದು ಅವನನ್ನು ಮೇಲೆ ಕೂರಿಸುತ್ತಾನೆ; ವಿದ್ಯೆಯು ಒಡನೆಯೇ ಸಿದ್ಧಿಸುತ್ತದೆ. ವಿನಯವನ್ನು ಕಿರಿಯರ ಕರ್ತವ್ಯವೆಂದಷ್ಟೇ ಉಪದೇಶಿಸುವ ನಮ್ಮ ಪಾಠಶಾಲೆಗಳಲ್ಲಿ ಈ ಕಥೆಯನ್ನು ಹಿರಿಯರಿಗೂ ಹೇಳತಕ್ಕದ್ದು.

ಈಗ ನಿಜವಾಗಿ ಕ್ಷೀಣಿಸಿದುದರ ಕಡೆಗೆ ಬರೋಣ. ನನ್ನ ಅಭಿಪ್ರಾಯದಲ್ಲಿ ಎದ್ದು ನಿಲ್ಲುವುದು, ಕೈಮುಗಿಯುವುದು ಮುಂತಾದ ಕಾಯವಿನಯವು ಕಡಿಮೆಯಾದುದು ಚಿಕ್ಕ ನಷ್ಟ. ಭಿನ್ನಾಭಿಪ್ರಾಯವಿರುವವರೊಡನೆ ಮಾತನಾಡುವ ರೀತಿಯು ಕೆಟ್ಟದ್ದು ದೊಡ್ಡ ನಷ್ಟ. ಇದಕ್ಕೂ ಕರ್ನಾಟಕದ ಕಲ್ಲುಗಳಲ್ಲಿಯೇ ಸಾಕ್ಷಿ ಇದೆ.

ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ದೊರೆತ ಶಿಲೆಯೊಂದು 1989ರಲ್ಲಿ ಬೆಳಕಿಗೆ ಬಂದಿತು. ದೇವಿಯ ಪೀಠವಾಗಿ ಬಳಕೆಯಾಗಿದ್ದ ಆ ಕಲ್ಲಿನಲ್ಲಿ ಅಶೋಕನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳ ಭಾಗಗಳೂ ಎರಡು ಪ್ರತ್ಯೇಕ ಶಾಸನಗಳೂ ಇವೆ. ಹನ್ನೆರಡನೆಯ ಶಾಸನವು ಪರಮತಗಳೊಡನೆ ನಡೆದುಕೊಳ್ಳುವ ಬಗೆಯನ್ನು ಕುರಿತದ್ದು. ಎಲ್ಲ ಮತಗಳಲ್ಲಿಯೂ ಸಾರವು ಬೆಳೆಯಬೇಕು. ಅದಕ್ಕೆ ಮೂಲವು ಮಾತಿನ ಸಂಯಮ. ಸಂದರ್ಭವಿಲ್ಲದೆ ತನ್ನ ಮತವನ್ನು ಹೊಗಳಿ ಪರರ ಮತವನ್ನು ಹಳಿಯಬಾರದು. ಸಂದರ್ಭವಿದ್ದರೂ ಹಗುರವಾಗಿ ನುಡಿಯಬೇಕು. ತನ್ನ ಮತದ ಮೇಲಣ ಭಕ್ತಿಯಿಂದಲೇ ಪರರನ್ನು ನಿಂದಿಸುವವನು ತನ್ನ ಮತಕ್ಕೇ ಹೆಚ್ಚಿನ ಹಾನಿಯನ್ನು ತರುತ್ತಾನೆ ಎಂಬುದು ಅದರ ಆಶಯ. ನಮ್ಮ ನೇಮಿನಾಥ ತೀರ್ಥಂಕರರ ನಿರ್ವಾಣಕ್ಷೇತ್ರವಾದ ಗಿರಿನಾರದ ಬುಡದಲ್ಲಿಯೂ ಈ ಶಾಸನವಿದೆ. ಮಾತಿನ ಸಂಯಮ ಎಂಬುದಕ್ಕೆ ಅಲ್ಲಿ ಬಳಸಿರುವ ಪ್ರಾಕೃತ ಪದ ‘ವಚಿಗುತಿ’. ಮನೋಗುಪ್ತಿ, ವಚನಗುಪ್ತಿ, ಕಾಯಗುಪ್ತಿ ಎಂದು ನಾವು ನಿತ್ಯವೂ ಹೇಳುವ ಗುಪ್ತಿಯೇ ಈ ಗುತಿ. ಬೌದ್ಧೋಪಾಸಕನಾದ ಚಕ್ರವರ್ತಿಯು ಶ್ರಮಣ ಪರಂಪರೆಗಳಿಗೆಲ್ಲ ಪರಿಚಿತವಾಗಿದ್ದ ಮಾತನ್ನು ಎತ್ತಿಕೊಂಡು ರಾಜ್ಯದ ನೀತಿಯನ್ನಾಗಿ ಮಾಡಿದನು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಪರನಿಂದೆ ಆತ್ಮಪ್ರಶಂಸೆಗಳನ್ನು ನೀಚಗೋತ್ರದ ಆಸ್ರವಕ್ಕೆ ಕಾರಣವೆನ್ನುತ್ತದೆ. ಶಾಸನದ ಮಾತಿಗೂ ಸೂತ್ರದ ಮಾತಿಗೂ ಇರುವ ಸಾಮೀಪ್ಯವು ಗಮನಾರ್ಹ. ಗೋತ್ರದ ಹಿರಿಮೆಯನ್ನು ಹೇಳಿಕೊಂಡು ಇತರರನ್ನು ಹಳಿಯುವವನು ಅದೇ ಮಾತಿನಿಂದ ತನ್ನ ಗೋತ್ರವನ್ನು ಕೆಳಗಿಳಿಸಿಕೊಳ್ಳುತ್ತಾನೆಂಬುದು ಆಗಮದ ಲೆಕ್ಕ.

ಮುಂದೆ ರಾಷ್ಟ್ರಕೂಟರ ಕಾಲದಲ್ಲಿ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಜೈನರ ಮಹಾತೀರ್ಥವಾಗಿದ್ದ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು ಹೆಸರಿಸುತ್ತದೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವ ಗುಣವನ್ನು ಬಂಗಾರಕ್ಕೆ ಸಮೀಕರಿಸುವ ಪದ್ಯವೂ ಅದೇ ಗ್ರಂಥದಲ್ಲಿದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿಯೂ ಅಶೋಕನ ಶಾಸನಗಳಿವೆ.

ಆದರೆ ಸಹನೆಯನ್ನು ಪದ್ಯದಲ್ಲಿ ಹೇಳುವುದು ಸುಲಭ. ಜಗಳದ ನಡುವೆ ಅದನ್ನು ನಡೆಯಿಸುವುದು ಕಷ್ಟ. ಜಗಳದ ನಡುವೆ ಅದು ನಡೆದುದಕ್ಕೆ ಶ್ರವಣಬೆಳಗೊಳದ 1368ರ ಶಾಸನವು ಸಾಕ್ಷಿ. ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಸಂವಾದ ಉಂಟಾಯಿತು. ಸಂವಾದವೆಂದರೆ ಇಲ್ಲಿ ತಗಾದೆ. ಭಕ್ತರು ಮಾಡುವ ಅನ್ಯಾಯವನ್ನು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣಗಳೊಳಗಾದ ನಾಡುಗಳ ಭವ್ಯಜನರು ಅರಸನಿಗೆ ಬಿನ್ನವಿಸಿಕೊಂಡರು. ಮಸ್ಕಿಯ ಸೀಮೆಯವರಿಗೆ ಆನೆಗೊಂದಿಯು ತೀರ ನೆರೆಯದು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕೂಡಿಸಿದನು. ತಿರುಕುಲದವರು, ಜಾಂಬವಕುಲದವರು ಎಂದು ಶಾಸನವು ಹೆಸರಿಸುವ ಜನರೂ ಆ ಸಭೆಯಲ್ಲಿದ್ದರು. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಹೇಳಿ, ವೈಷ್ಣವರ ಕೈಯಲ್ಲಿ ಜೈನರ ಕೈಯನ್ನು ಹಿಡಿದು ಕೊಟ್ಟನು.

ನಮ್ಮ ಜನ ಈ ಶಾಸನವನ್ನು ಸರ್ವಧರ್ಮ ಸಮಭಾವದ ಮಾದರಿಯೆಂದು ಭಾಷಣಗಳಲ್ಲಿ ಹೇಳಿ ಮುಗಿಸುತ್ತಾರೆ. ಅದರ ವಿವರಗಳಲ್ಲಿ ಇರುವ ಸೌಜನ್ಯವನ್ನು ಯಾರೂ ಎಣಿಸಿ ನೋಡುವುದಿಲ್ಲ. ತೀರ್ಪು ಜೈನರಿಗೆ ಪಂಚಮಹಾವಾದ್ಯಗಳನ್ನೂ ಕಳಶವನ್ನೂ ಹಿಂದಿನಂತೆ ಸಲ್ಲಿಸಿತು. ಮೆರವಣಿಗೆಯಲ್ಲಿ ಯಾವ ವಾದ್ಯ ನುಡಿಸಬೇಕೆಂಬ ಜಗಳ ಹೊಸದಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಭಕ್ತರಿಂದ ಜೈನ ದರ್ಶನಕ್ಕೆ ಹಾನಿಯೋ ವೃದ್ಧಿಯೋ ಆದರೆ ಅದನ್ನು ವೈಷ್ಣವ ದರ್ಶನದ ಹಾನಿವೃದ್ಧಿಯಾಗಿಯೇ ಬಗೆಯಬೇಕೆಂದು ಗೊತ್ತಾಯಿತು. ಬೆಳಗೊಳದ ತೀರ್ಥದ ರಕ್ಷಣೆಗೆ ಭವ್ಯರ ಒಪ್ಪಿಗೆಯಿಂದ ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಎತ್ತಿ, ಅದರಿಂದ 20 ಮಂದಿ ಕಾವಲಿನವರನ್ನು ಇಡಬೇಕು. ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣವನ್ನು ಬಳಿಯಿಸಬೇಕು. ಈ ಕೆಲಸದ ಹೊಣೆಯನ್ನು ಯಾರಿಗೆ ಕೊಟ್ಟರು? ತಿರುಮಲೆಯ ತಾತಯ್ಯನಿಗೆ, ಅಂದರೆ ಎದುರು ಪಕ್ಷದವನಿಗೆ. ಜಗಳವಾಡಿದ ಪಕ್ಷದವನ ಕೈಯಲ್ಲಿಯೇ ಜಿನಾಲಯಗಳಿಗೆ ಸುಣ್ಣ ಬಳಿಯಿಸುವ ಹಣವನ್ನು ಇಡಲಾಯಿತು. ಬಿನ್ನಹವನ್ನು ಮಾಡಿದ ಕಲ್ಲೆಹದ ಬುಸುವಿಸೆಟ್ಟಿಗೆ ಎರಡು ಸಮಯದವರೂ ಕೂಡಿ ಸಂಘನಾಯಕ ಪಟ್ಟವನ್ನು ಕಟ್ಟಿದರು. ದೂರು ಕೊಟ್ಟವನಿಗೆ ದೂರಿಗೆ ಗುರಿಯಾದವರೂ ಸೇರಿ ಸನ್ಮಾನ ಮಾಡಿದರೆಂದು ಇದರ ಅರ್ಥ.

ಇನ್ನೊಂದು ಸೂಕ್ಷ್ಮವಿದೆ. ಜೈನರ ಪರಮಕ್ಷೇತ್ರದಲ್ಲಿ ನಿಂತಿರುವ ಈ ಶಾಸನವು ರಾಮಾನುಜಾಚಾರ್ಯರ ಸ್ತುತಿಯಿಂದ ಆರಂಭವಾಗುತ್ತದೆ. ಆ ಸ್ತುತಿಯು ಪಾಷಂಡಮತಗಳನ್ನು ಅವರು ಅಡಗಿಸಿದರೆಂದು ಕೊಂಡಾಡುತ್ತದೆ. ತಮ್ಮನ್ನೇ ಸೂಚಿಸಬಹುದಾಗಿದ್ದ ಆ ಮಾತನ್ನು ನಮ್ಮ ಪೂರ್ವಜರು ಕೆತ್ತಿ ಅಳಿಸಲು ಹೋಗಲಿಲ್ಲ. ಒಪ್ಪಂದದ ತಿರುಳು ದೊರೆತ ಮೇಲೆ ಪೀಠಿಕೆಯ ಮಾತಿಗೆ ತಂಟೆ ಬೇಡವೆಂದು ಬಿಟ್ಟಿರಬೇಕು. ಇಂದಿನ ನಮ್ಮ ಸಮಿತಿಗಳಲ್ಲಿ ನಿರ್ಣಯದ ಪೀಠಿಕೆಗಾಗಿಯೇ ಎರಡು ಸಭೆಗಳು ಮುರಿದುಹೋಗುತ್ತವೆ.

ಹಳೇಬೀಡಿನಲ್ಲಿ 1638ರಲ್ಲಿ ಇದೇ ಬಗೆಯ ಪ್ರಸಂಗ ನಡೆಯಿತು. ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬವನು ಅದನ್ನು ಅಳಿಸಿದನು. ವೀರಶೈವರ ಮಹಾಮಹತ್ತಿನವರೂ ಜೈನ ಪ್ರಮುಖರೂ ಕುಳಿತು ಬಗೆಹರಿಸಿದರು. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಕೊಡಿಸಿ, ಅನಂತರ ತಮ್ಮ ಪೂಜೆ ಉತ್ಸವಗಳನ್ನು ವಾಡಿಕೆಯಂತೆ ನಡೆಯಿಸಿಕೊಳ್ಳಬೇಕೆಂದು ಗೊತ್ತಾಯಿತು. ಈ ಒಪ್ಪಂದವು ಸಮಬಲರ ಒಪ್ಪಂದವಲ್ಲ. ಆ ಹೊತ್ತಿಗೆ ನಮ್ಮವರ ಬಲ ಕುಂದಿತ್ತು, ಬಾಗಿದವರು ನಮ್ಮವರೇ. ಇದನ್ನು ಲೋಕಾನುವೃತ್ತಿ ಎನ್ನಬೇಕೋ ಭಯ ವಿನಯ ಎನ್ನಬೇಕೋ ಓದುಗರು ನಿರ್ಧರಿಸಲಿ. ಆದರೂ ಒಪ್ಪಂದವನ್ನು ಮುರಿದವರು ಶಿವದ್ರೋಹಿಗಳೆಂದು ವೀರಶೈವ ಹಿರಿಯರೇ ತಮ್ಮವರಿಗೆ ಕಟ್ಟು ಹಾಕಿದರು. ಪರರನ್ನು ಹಳಿಯುವ ತಮ್ಮವರನ್ನು ತಾವೇ ತಡೆಯುವುದು ಆ ಕಾಲದ ಮುಖಂಡರ ಮರ್ಯಾದೆಯಾಗಿತ್ತು.

ಈ ಮರ್ಯಾದೆಯು ಇಂದು ಎಲ್ಲಿದೆ? ಪರಧರ್ಮದವರ ಮಾತು ಹಾಗಿರಲಿ, ನಮ್ಮ ನಮ್ಮಲ್ಲಿಯೇ ಅದು ಉಳಿದಿಲ್ಲ. ಮಹಾರಾಷ್ಟ್ರದ ವಾಶಿಮ ಜಿಲ್ಲೆಯ ಶಿರಪುರದಲ್ಲಿ ಅಂತರಿಕ್ಷ ಪಾರ್ಶ್ವನಾಥ ಸ್ವಾಮಿಯ ಮಂದಿರಕ್ಕೆ ದಿಗಂಬರ ಶ್ವೇತಾಂಬರರ ವಿವಾದದಿಂದ 1981ರಲ್ಲಿ ಬೀಗ ಬಿದ್ದಿತು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮಧ್ಯಂತರ ಆದೇಶದಂತೆ ಬಾಗಿಲು ತೆರೆಯಿತು. 42 ವರ್ಷಗಳ ಬಳಿಕ ಸ್ವಾಮಿಯ ದರ್ಶನವಾದ ಆ ದಿನಗಳಲ್ಲಿಯೇ ಎರಡು ಪಂಥದವರ ನಡುವೆ ತಳ್ಳಾಟ ನಡೆಯಿತು. ಯಾರ ವಾದ ಸರಿ ಎಂಬುದು ನ್ಯಾಯಾಲಯದ ವಿಷಯ. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಹಕ್ಕಿನ ವಿವಾದವು ಗೃಹಸ್ಥರಿಗೆ ಸಹಜವಾದುದು, 1368ರಲ್ಲಿಯೂ ಇತ್ತು. ಆಗ ಎದುರಾಳಿಯ ಕೈಯಲ್ಲಿ ಹಣವನ್ನಿಟ್ಟು ಮಂದಿರವನ್ನು ನೋಡಿಕೊಳ್ಳೆಂದು ಹೇಳಬಲ್ಲಷ್ಟು ನಂಬಿಕೆ ಇತ್ತು. ನಮ್ಮ ಕಾಲದಲ್ಲಿ ಒಬ್ಬನೇ ಸ್ವಾಮಿಯನ್ನು ಪೂಜಿಸುವವರು ಎದುರಾಳಿಯು ಅಭಿಷೇಕದ ಕಲಶ ಮುಟ್ಟುವುದನ್ನೂ ಸಂಶಯದಿಂದ ನೋಡುವಂತಾಯಿತು. ಆದಿಪುರಾಣದ ಬಾಹುಬಲಿಯು ಅಣ್ಣನನ್ನು ಮೇಲೆತ್ತಿ ನೆಲಕ್ಕೆ ಅಪ್ಪಳಿಸದೆ ಗೌರವದಿಂದ ಹೆಗಲ ಮೇಲೆ ಇರಿಸಿಕೊಂಡನು. ಆ ಪ್ರಸಂಗವನ್ನು ಮಸ್ತಕಾಭಿಷೇಕದ ವೇದಿಕೆಗಳಲ್ಲಿ ಕೇಳಿ ಚಪ್ಪಾಳೆ ತಟ್ಟುವವರೂ ನಾವೇ.

ಇಂತಹ ದೊಡ್ಡ ವಿವಾದಗಳನ್ನು ಬಿಟ್ಟು ಸಾಮಾನ್ಯ ಬಸದಿಗಳ ಆಡಳಿತಕ್ಕೆ ಬಂದರೂ ಸ್ಥಿತಿ ಸಮಾಧಾನಕರವಲ್ಲ. ಮುನಿಗಳಿಗೆ ನಮೋಸ್ತು, ಆರ್ಯಿಕೆಯರಿಗೆ ವಂದಾಮಿ, ಕ್ಷುಲ್ಲಕರಿಗೆ ಇಚ್ಛಾಮಿ ಎಂದು ಪದವಿಗೆ ತಕ್ಕ ಶಬ್ದವನ್ನು ತಪ್ಪದೆ ಬಳಸುವ ಸಮಾಜ ನಮ್ಮದು. ಆಹಾರದಾನದಲ್ಲಿ ಪ್ರತಿಗ್ರಹದಿಂದ ಮೊದಲಾದ ನವಧಾಭಕ್ತಿಯಲ್ಲಿ ಒಂದೂ ಕುಂದದಂತೆ ನೋಡಿಕೊಳ್ಳುತ್ತೇವೆ. ಮನೆ ಬಾಗಿಲಿಗೆ ಬಂದವರನ್ನು ಎದುರ್ಗೊಳ್ಳುವ ಶಿಷ್ಟಾಚಾರವನ್ನು ಇಷ್ಟು ಸೂಕ್ಷ್ಮವಾಗಿ ವಿಧಿಸಿಕೊಂಡ ಸಮುದಾಯಗಳು ವಿರಳ. ಆದರೆ ಅದೇ ಮನೆಯವರು ಅದೇ ದಿನ ಬಸದಿಯ ಪುರೋಹಿತರನ್ನು ಮಾತನಾಡಿಸುವ ಧಾಟಿಯನ್ನು ಕೇಳಬೇಕು. ಅಂಗಳ ಗುಡಿಸುವವರನ್ನು ಕರೆಯುವ ಬಗೆ ಅದಕ್ಕಿಂತ ಕೀಳು. ಸಂಬಳದ ದಿನ ತಡವಾದುದನ್ನು ಕೇಳಲು ಬಂದ ಪುರೋಹಿತರನ್ನು ವಿಶ್ವಸ್ತರು ಕುಳಿತಿರುವ ಕೋಣೆಯ ಹೊರಗೆ ಅರ್ಧ ಗಂಟೆ ನಿಲ್ಲಿಸಿದ ಉದಾಹರಣೆಯನ್ನು ನಾನು ಕಂಡಿದ್ದೇನೆ. ಅವರನ್ನು ಕುಳಿತುಕೊಳ್ಳಿರೆನ್ನಲು ಆಸನದಾನದ ಖರ್ಚೇನೂ ಆಗುತ್ತಿರಲಿಲ್ಲ. ಅದೇ ಕೋಣೆಗೆ ದಾನಿಗಳು ಬಂದಾಗ ಎಲ್ಲರೂ ಎದ್ದು ನಿಂತರು. ಇದು ಅರ್ಥನಿಮಿತ್ತ ವಿನಯವೆಂದು ಮೂಲಾಚಾರವನ್ನು ಓದಿದವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಹಾಗೆಂದು ಎಲ್ಲವೂ ಇಳಿಮುಖವೆನ್ನಲಾರೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆಯ ಕಾಲುವೆಯ ನೀರು ಸಿಂಧನೂರಿನ ಕಡೆಗೆ ಹರಿದ ಮೇಲೆ ಈ ಸೀಮೆಗೆ ಆಂಧ್ರದಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಸಿಂಧನೂರಿನ ಬಳಿ ಪುನರ್ವಸತಿಯಾಯಿತು. ಭಾಷೆ ಬೇರೆ, ಊಟ ಬೇರೆ, ಸಂಬೋಧನೆ ಬೇರೆಯಾದ ಜನರು ಒಂದೇ ಸಂತೆಯಲ್ಲಿ ಕೊಡುಕೊಳ್ಳಬೇಕಾದಾಗ ಕುಲವನ್ನು ನೋಡಿ ಏಕವಚನ ಬಹುವಚನಗಳನ್ನು ಹಂಚುವುದು ಆಗದ ಮಾತಾಯಿತು. ಯಾರು ಯಾವ ಕುಲದವರೆಂದು ತಿಳಿಯದೆ ಹೋದಾಗ ಎಲ್ಲರಿಗೂ ‘ರೀ’ ಹಚ್ಚುವುದೇ ಕ್ಷೇಮ. ಬಸ್ಸಿನ ನಿರ್ವಾಹಕನಿಗೂ ಆಟೋ ನಡೆಸುವವನಿಗೂ ಇಂದು ಈ ಕಡೆ ಬಹುವಚನ ಸಲ್ಲುತ್ತದೆ. ಅವರಲ್ಲಿ ಅನೇಕರ ಅಜ್ಜಂದಿರಿಗೆ ಅದು ಸಂದಿರಲಿಲ್ಲ. ವಿನಯದ ಹ್ರಾಸವನ್ನು ಲೆಕ್ಕ ಹಾಕುವವರು ಈ ಜಮೆಯನ್ನೂ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಮೊಹರಮ್ಮಿಗೆ ಹಿಂದೂಗಳೂ ಮುಸಲ್ಮಾನರೂ ಕೂಡಿ ಅಲಾಯಿ ಆಚರಿಸುವ ಪದ್ಧತಿಯೂ ಈ ಸೀಮೆಯ ಜಮೆಗೆ ಸೇರತಕ್ಕದ್ದು.

ನಮ್ಮ ಪಾಲಿನ ಖರ್ಚು ಯಾವುದೆಂಬುದಕ್ಕೆ ಕ್ಷಮಾವಾಣಿಯನ್ನು ನೋಡಿದರೆ ಸಾಕು. ದಶಲಕ್ಷಣ ಪರ್ವವು ಮುಗಿದ ಬಳಿಕ ಒಬ್ಬರ ಮನೆಗೆ ಒಬ್ಬರು ಹೋಗಿ, ವರ್ಷದಲ್ಲಿ ಮನೋವಚನಕಾಯಗಳಿಂದ ಆದ ತಪ್ಪಿಗೆ ಕ್ಷಮೆಯನ್ನು ಬೇಡುವುದು ಪದ್ಧತಿ. ಹೋಗುವುದು ಮುಖ್ಯವಾಗಿತ್ತು, ಏಕೆಂದರೆ ಮಾತು ಬಿಟ್ಟವರ ಹೊಸಿಲನ್ನು ದಾಟುವುದೇ ಕಷ್ಟದ ಕೆಲಸ. ಅನಂತರ ಅಚ್ಚಾದ ಕಾರ್ಡುಗಳು ಬಂದವು. ಅಂಚೆಯಲ್ಲಿ ಕಳುಹಿಸಿದರೆ ಮುಗಿಯಿತು, ಆದರೂ ಲಕೋಟೆಯ ಮೇಲೆ ಒಬ್ಬೊಬ್ಬರ ಹೆಸರನ್ನೂ ಕೈಯಿಂದ ಬರೆಯಬೇಕಾಗಿತ್ತು. ಈಗ ಕೈದೂರವಾಣಿಯಲ್ಲಿ ಯಾರೋ ಸಿದ್ಧಪಡಿಸಿದ ಚಿತ್ರವೊಂದನ್ನು ಇನ್ನೂರು ಜನರಿಗೆ ಒಂದೇ ಬಾರಿಗೆ ರವಾನಿಸುತ್ತೇವೆ. ಆ ಇನ್ನೂರು ಜನರಲ್ಲಿ ನೂರ ತೊಂಬತ್ತು ಮಂದಿಗೆ ನಾವು ಯಾವ ತಪ್ಪನ್ನೂ ಮಾಡಿರುವುದಿಲ್ಲ. ಕಳೆದ ಸಾಮಾನ್ಯ ಸಭೆಯಲ್ಲಿ ಎಲ್ಲರೆದುರಿಗೆ ಯಾರನ್ನು ಹೀಗಳೆದೆವೋ ಅವರ ಹೆಸರು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅವರ ಮನೆಯು ಎರಡು ಬೀದಿಗಳ ಆಚೆಗಷ್ಟೇ ಇರುತ್ತದೆ.